ರಾಯಚರ್ಲಿಗೆ ಬಂದ ಮಾತುಗಳು

ನಮ್ಮ ಯಜಮಾನರ ಚಿಕ್ಕಮ್ಮ ಇರುವುದು ರಾಯಚರ್ಲಿನಲ್ಲಿ. ನನಗೆ ಅವರು ಚಿಕ್ಕತ್ತೆ. ಮನೆಮಾತು ತೆಲುಗು, ನನ್ನ ಹತ್ತಿರ ಮಾತ್ರ ಕನ್ನಡ. ಪಾವಗಡ ತಾಲ್ಲೂಕಿನಲ್ಲಿ ಇದೇನೂ ವಿಶೇಷವಲ್ಲ. ಸುತ್ತ ಆಂಧ್ರ ಇರುವ ತಾಲ್ಲೂಕು ನಮ್ಮದು. ಮಕ್ಕಳು ಅಮ್ಮನ ಹತ್ತಿರ ತೆಲುಗಿನಲ್ಲಿ ಅತ್ತು, ಮೇಷ್ಟ್ರ ಹತ್ತಿರ ಕನ್ನಡದಲ್ಲಿ ಪಾಠ ಒಪ್ಪಿಸುತ್ತಾರೆ. ಎರಡು ಭಾಷೆ ಗೊತ್ತಿರುವವರಿಗೆ ಮಾತಿನ ಮೇಲೆ ಕುತೂಹಲ ಸ್ವಲ್ಪ ಹೆಚ್ಚು ಎಂದು ನನ್ನ ಅನುಭವ. ಚಿಕ್ಕತ್ತೆಗಂತೂ ಓದು ಬರಹ ಇಲ್ಲದಿದ್ದರೂ ಈ ಕುತೂಹಲ ಬೇಕಾದಷ್ಟಿದೆ.

ಒಂದು ಯುಗಾದಿಯ ಮರುದಿನ ಅವರ ಮನೆಗೆ ಹೋಗಿದ್ದೆ. ತಿರುಮಣಿ ಕಡೆಗೆ ಬಸ್ಸು ತಿರುಗಿದ ಮೇಲೆ ಕಿಟಕಿಯಾಚೆ ನೋಡಿದರೆ ನಾನು ಮದುವೆಯಾಗಿ ಬಂದಾಗ ಕಂಡಿದ್ದ ಊರೇ ಅಲ್ಲ. ಆಗ ಕಡ್ಲೆಕಾಯಿ ಹೊಲ, ನಡುವೆ ತೊಗರಿ ಸಾಲು, ಮಳೆ ಕೈಕೊಟ್ಟ ವರ್ಷ ಬರೀ ಕೆಂಪು ಮಣ್ಣು. ಈಗ ಕಣ್ಣು ಹಾಯುವಷ್ಟು ದೂರ ಕಡುನೀಲಿ ಹಲಗೆಗಳು. ಚಿಕ್ಕತ್ತೆ ಅದನ್ನು ಮೊದಲು ಕಂಡಾಗ ಹೇಳಿದ್ದು ಒಂದೇ ಮಾತು: "ಯಾರೋ ಊರಿನ ಸೀರೆಯನ್ನೆಲ್ಲ ಒಗೆದು ಒಣಗಹಾಕಿದ ಹಾಗಿದೆ."

ಅವತ್ತು ಹೋಳಿಗೆ ಬಡಿಸುತ್ತಾ ಅವರು ಇದ್ದಕ್ಕಿದ್ದಂತೆ ಕೇಳಿದರು. "ಏನಮ್ಮಾ, ನೀನು ಇಷ್ಟು ವರ್ಷ ಪಾಠ ಹೇಳಿದೀಯ. ಲೀಜು ಅಂದ್ರೆ ಏನು?"

"ಗುತ್ತಿಗೆ, ಅತ್ತೆ."

"ಗುತ್ತಿಗೆ ನನಗೂ ಗೊತ್ತು. ಕೋರು ಗೊತ್ತು, ವಾರ ಗೊತ್ತು, ಭೋಗ್ಯ ಗೊತ್ತು. ನಾನು ಹೆಬ್ಬೆಟ್ಟು ಒತ್ತಿದ್ದು ಲೀಜಿಗೆ. ಆ ಮಾತಿಗೆ ಅರ್ಥ ಏನು ಅಂತ ಕೇಳಿದೆ."

ನಾನು ಬಿ.ಎ., ಬಿ.ಎಡ್. ಮಾಡಿದವಳು. ಬಾಯಲ್ಲಿದ್ದ ಹೋಳಿಗೆ ಬಾಯಲ್ಲೇ ಉಳಿಯಿತು.

ಓದುಗರಿಗೆ ಊರಿನ ವಿಷಯ ಸ್ವಲ್ಪ ಹೇಳಬೇಕು. ಪಾವಗಡದ ಸೋಲಾರ್ ಪಾರ್ಕಿನ ಹೆಸರು ನೀವು ಕೇಳಿರುತ್ತೀರಿ. ತಿರುಮಣಿ, ಬಾಲಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಅದು ಹಬ್ಬಿದೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಪೂರ್ತಿ ಆಯಿತು. ಇದರ ವಿಶೇಷವೆಂದರೆ ರೈತರಿಂದ ಜಮೀನನ್ನು ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ, ಇಪ್ಪತ್ತೆಂಟು ವರ್ಷದ ಅವಧಿ, ಹೀಗೆ ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ಹೆಸರು ರೈತನದೇ. ಮಳೆಯನ್ನು ನಂಬಿ ಬಿತ್ತಿ, ಬೀಜದ ಕಾಸೂ ಹುಟ್ಟದ ಊರಿನಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಬರುವ ಹಣ ಸಣ್ಣದಲ್ಲ. ಚಿಕ್ಕತ್ತೆಯ ನಾಲ್ಕು ಎಕರೆಯೂ ಅದರಲ್ಲಿ ಸೇರಿತು. ಹಾಗಾಗಿ ಅವರು ಕೇಳಿದ್ದು ಹೊತ್ತು ಹೋಗದ ಪ್ರಶ್ನೆಯಾಗಿರಲಿಲ್ಲ.

ಸುಮ್ಮನೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನನಗೆ ಹಿಂದೊಮ್ಮೆ ಬುದ್ಧಿ ಬಂದಿತ್ತು. ಎಷ್ಟೋ ವರ್ಷ ನಾನು ತರಗತಿಯಲ್ಲಿ "ನ್ಯೂಸ್ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್, ನಾಲ್ಕು ದಿಕ್ಕಿನಿಂದ ಬರುವ ಸುದ್ದಿ" ಎಂದು ಹೆಮ್ಮೆಯಿಂದ ಹೇಳಿಕೊಟ್ಟಿದ್ದೆ. ನನ್ನ ಮೇಷ್ಟ್ರು ನನಗೆ ಹಾಗೆ ಹೇಳಿದ್ದರು, ನಾನು ಮಕ್ಕಳಿಗೆ ದಾಟಿಸಿದೆ. ಆಮೇಲೆ ಒಂದು ದಿನ ನಿಘಂಟು ನೋಡಿದರೆ, ಹೊಸದು ಎನ್ನುವ 'ನ್ಯೂ' ಪದದ ಬಹುವಚನ ಅದು, ಅಷ್ಟೆ. 'ಹೊಸತುಗಳು' ಎಂದ ಹಾಗೆ. ದಿಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ನನ್ನ ಕೈಯಲ್ಲಿ ಕಲಿತು ಹೋದ ಎಷ್ಟು ಮಕ್ಕಳು ಇನ್ನೂ ಅದನ್ನೇ ಹೇಳುತ್ತಿದ್ದಾರೋ! ಚಂದದ ಅರ್ಥವೆಲ್ಲ ನಿಜದ ಅರ್ಥ ಅಲ್ಲ ಎಂದು ಅವತ್ತು ಕಲಿತೆ. ಆದ್ದರಿಂದ ಚಿಕ್ಕತ್ತೆಗೆ, "ನೋಡಿಕೊಂಡು ಬಂದು ಹೇಳ್ತೀನಿ ಅತ್ತೆ" ಎಂದೆ.

ನಿಘಂಟು ಮಾಡಿದವರ ಕಷ್ಟ ಅದನ್ನು ತೆರೆದು ನೋಡುವವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಇಂಗ್ಲಿಷರ ದೊಡ್ಡ ಆಕ್ಸ್‌ಫರ್ಡ್ ನಿಘಂಟಿನ ಕೆಲಸವನ್ನು 1879ರಲ್ಲಿ ಕೈಗೆತ್ತಿಕೊಂಡ ಜೇಮ್ಸ್ ಮರ್ರೆ ನಮ್ಮ ಹಾಗೆಯೇ ಶಾಲೆಯ ಮೇಷ್ಟ್ರು. ಪದಗಳ ಚೀಟಿಗಳನ್ನು ಜೋಡಿಸಲು ಮನೆಯ ಮಕ್ಕಳನ್ನೂ ಕೂರಿಸುತ್ತಿದ್ದರಂತೆ. ಅದು ಮುಗಿದದ್ದು 1928ರಲ್ಲಿ, ಅವರು ತೀರಿಕೊಂಡು 13 ವರ್ಷವಾದ ಮೇಲೆ. ನಮ್ಮ ಕನ್ನಡಕ್ಕೆ ಫರ್ಡಿನೆಂಡ್ ಕಿಟೆಲ್ ಎಂಬ ಜರ್ಮನಿಯ ಪಾದ್ರಿ ಮಾಡಿದ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇನ್ನು ಜಿ. ವೆಂಕಟಸುಬ್ಬಯ್ಯನವರನ್ನು ಯಾರು ಮರೆತಾರು? 1991ರಿಂದ 'ಪ್ರಜಾವಾಣಿ'ಯಲ್ಲಿ ಬಂದ ಅವರ 'ಇಗೋ ಕನ್ನಡ' ಅಂಕಣವನ್ನು ಕತ್ತರಿಸಿ ಇಟ್ಟುಕೊಂಡ ಮನೆಗಳು ಎಷ್ಟೋ. ಕನ್ನಡಕ್ಕೆ ಬೇರೆ ಭಾಷೆಗಳಿಂದ ಬಂದ ಮಾತುಗಳಿಗಾಗಿಯೇ ಅವರು 'ಎರವಲು ಪದಕೋಶ' ಮಾಡಿದರು. ಅವರ ಬಾಲ್ಯದ ಓದು ಒಂದಷ್ಟು ಕಾಲ ನಡೆದದ್ದು ನಮ್ಮ ಮಧುಗಿರಿಯಲ್ಲಿ. 2021ರಲ್ಲಿ, 107 ವರ್ಷ ತುಂಬಿ ಬದುಕಿ, ಅವರು ಹೋದರು.

ಇಂಥವರು ಕಟ್ಟಿಟ್ಟ ಗಂಟನ್ನು ಬಿಚ್ಚಿಕೊಂಡು ಕೂತೆ. 'ಲೀಸ್' ಎಂಬ ಪದ ಇಂಗ್ಲಿಷಿನದಲ್ಲ. ಫ್ರೆಂಚರಿಂದ ಇಂಗ್ಲಿಷಿಗೆ ಬಂತು, ಫ್ರೆಂಚಿಗೆ ಲ್ಯಾಟಿನ್ನಿನಿಂದ. ಮೂಲದ ಅರ್ಥ 'ಸಡಿಲಿಸು'. ಬಿಗಿಯಾಗಿ ಹಿಡಿದದ್ದನ್ನು ಸ್ವಲ್ಪ ಸಡಿಲ ಬಿಡುವುದು. ಇವತ್ತಿನ ಹುಡುಗಿಯರು "ರಿಲ್ಯಾಕ್ಸ್ ಆಗಮ್ಮ" ಎನ್ನುತ್ತಾರಲ್ಲ, ಆ 'ರಿಲ್ಯಾಕ್ಸ್' ಕೂಡ ಇದೇ ಬೇರಿನದು. ಬಿಡುಗಡೆ ಎನ್ನುವ 'ರಿಲೀಸ್' ಕೂಡ ಇದರದೇ ನಂಟು. ಇಲ್ಲಿಯವರೆಗೆ ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ. ಆದರೆ ಅದೇ ಬೇರಿನಿಂದ ಇನ್ನೊಂದು ಪದ ಹುಟ್ಟಿದೆ, 'ಲೀಶ್'. ನಾಯಿಯ ಕೊರಳಿಗೆ ಕಟ್ಟಿ ಕೈಯಲ್ಲಿ ಹಿಡಿಯುವ ಹಗ್ಗ! ಬೇಟೆಯಲ್ಲಿ ನಾಯಿಯನ್ನು ಮುಂದೆ ಬಿಡಲು ಹಗ್ಗ ಸಡಿಲಿಸುತ್ತಿದ್ದರು, ಆ ಸಡಿಲಿಕೆಯೇ ಹಗ್ಗದ ಹೆಸರಾಯಿತು. ಲೀಸು, ಲೀಶು ಅಕ್ಕತಂಗಿಯರು. ಒಂದೇ ತಾಯಿಯ ಮಕ್ಕಳು. ಒಬ್ಬಳು ಬಿಡುತ್ತಾಳೆ, ಇನ್ನೊಬ್ಬಳು ಹಿಡಿಯುತ್ತಾಳೆ.

ನಮ್ಮ ಪಟ್ಟಣದ ಹೆಂಗಸರಿಗೆ ಲೀಸು ಎಂದರೆ ಇನ್ನೇನೋ. ತುಮಕೂರಿನಲ್ಲೋ ಬೆಂಗಳೂರಿನಲ್ಲೋ "ಮನೆ ಲೀಸಿಗೆ ಹಾಕಿಕೊಂಡಿದ್ದೀವಿ" ಎಂದರೆ ಇಡಿಗಂಟು ದುಡ್ಡು ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಗಂಟು ವಾಪಸು ಪಡೆಯುವುದು. ಅದನ್ನು ನಮ್ಮ ಹಿರಿಯರು ಭೋಗ್ಯ ಎನ್ನುತ್ತಿದ್ದರು. ಒಂದೇ ಮಾತು ಊರಿಂದ ಊರಿಗೆ ಬೇರೆ ಸೀರೆ ಉಟ್ಟುಕೊಳ್ಳುತ್ತದೆ. ಆದ್ದರಿಂದಲೇ ಹೆಬ್ಬೆಟ್ಟು ಒತ್ತುವ ಮುಂಚೆ "ಈ ಮಾತಿಗೆ ಇಲ್ಲಿ ಏನರ್ಥ?" ಎಂದು ಕೇಳಬೇಕಾಗುತ್ತದೆ. ಚಿಕ್ಕತ್ತೆ ಆಮೇಲಾದರೂ ಕೇಳಿದರು. ಓದಿದ ನಾವು ಎಷ್ಟು ಜನ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗುರುತು ಹಾಕಿ ತೋರಿಸಿದ ಕಡೆಯೆಲ್ಲ ಕೇಳದೆ ಸಹಿ ಮಾಡಿಲ್ಲ?

ಒಂದು ಮಾತು ಹುಡುಕಲು ಹೋದವಳಿಗೆ ನೆಲದ ಮಾತುಗಳೆಲ್ಲ ಒಂದೊಂದಾಗಿ ಎದುರಾದವು. ನಮ್ಮ ಸೀಮೆಯ ಇತಿಹಾಸವನ್ನು ಕೋಟೆಗಳಲ್ಲಿ ಓದುವುದು ರೂಢಿ. ಜಮೀನಿನ ಕಾಗದದಲ್ಲಿರುವ ಮಾತುಗಳಲ್ಲೂ ಅದನ್ನು ಓದಬಹುದು.

ಎಲ್ಲಕ್ಕಿಂತ ಕೆಳಗಿನ ಪದರ ನಮ್ಮದೇ ಕನ್ನಡ, ತೆಲುಗು. ಪಾವು ಎಂದರೆ ಹಳಗನ್ನಡದಲ್ಲಿ ಹಾವು, ತೆಲುಗಿನಲ್ಲಿ ಪಾಮು. ಪಾವಗಡ ಎಂದರೆ ಹಾವಿನ ಬೆಟ್ಟ ಎಂದು ಹೇಳುವ ವಾಡಿಕೆ ಹಿಂದಿನಿಂದ ಇದೆ. ತೆಲುಗಿನ ಚೆರುವು ಎಂದರೆ ಕೆರೆ. ನಮ್ಮ ಸುತ್ತಿನ ಚೆರ್ಲು, ಸಮುದ್ರ ಎಂದು ಕೊನೆಯಾಗುವ ಊರ ಹೆಸರುಗಳೆಲ್ಲ ನೀರಿನ ಹೆಸರುಗಳು. ಬಾಯಾರಿದ ಊರಿಗೆ ನೀರಿನ ಹೆಸರು. ಹೆಸರಿಟ್ಟವರು ಕೆರೆ ಕಟ್ಟಿ ಹೆಸರಿಟ್ಟಿದ್ದರು, ನೀರು ಉಳಿಸಿಕೊಳ್ಳದವರು ನಾವು. ಆ ಕಾಲದಲ್ಲಿ ಹೊಲವನ್ನು ಅಳೆಯುತ್ತಿದ್ದದ್ದು ಬೀಜದಿಂದ. ಇಷ್ಟು ಕೊಳಗ ಬೀಜ ಹಿಡಿಯುವ ಹೊಲ, ಇಷ್ಟು ಖಂಡುಗದ ಗದ್ದೆ ಎಂದು ಶಾಸನಗಳಲ್ಲೂ ಇದೆ.

ಅದರ ಮೇಲಿನ ಪದರ ಶಿರಾದಿಂದ ಬಂದದ್ದು. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಸುಬೆಯ ರಾಜಧಾನಿ ಮಾಡಿಕೊಂಡರು. ಸುಮಾರು 70 ವರ್ಷ, 1757ರವರೆಗೆ, ಅದು ಹಾಗೆ ಇತ್ತು. ಕಂದಾಯದ ಲೆಕ್ಕ ಪಾರಸಿಯಲ್ಲಿ ನಡೆಯುತ್ತಿದ್ದ ಕಾಲ ಅದು. ಜಮೀನು, ಸರ್ಕಾರ, ತಹಸೀಲು, ತಾಲ್ಲೂಕು, ಇಂಥ ಮಾತುಗಳು ಪಾರಸಿ, ಅರಬ್ಬಿಯವು. ಇವೆಲ್ಲ ಶಿರಾ ಒಂದರಿಂದಲೇ ಬಂದವು ಎನ್ನಲಾಗದು. ಆದರೆ ನಮ್ಮ ಸೀಮೆಯ ಜನರ ಕಿವಿಗೆ ಅವು ಬಿದ್ದದ್ದು ಆ ಬಾಗಿಲಿನಿಂದ. 'ರೈತ' ಎನ್ನುವ ಮಾತೂ ಅರಬ್ಬಿಯ ಬೇರಿನದು. ಅದರ ಮೂಲ ಅರ್ಥ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಮೂಲದಲ್ಲಿ ಅದು ಮೇಯಿಸುವ ಹಿಂಡು! ಅರಸ ಕುರುಬ, ಪ್ರಜೆಗಳು ಅವನ ಕುರಿಗಳು. ಅದಕ್ಕೂ ಮುಂಚೆ ನಮ್ಮಲ್ಲಿ ಒಕ್ಕಲು, ಬೇಸಾಯಗಾರ ಎಂಬ ಮಾತುಗಳಿದ್ದವು. ಅವು ಮಾಡುವ ಕೆಲಸದಿಂದ ಬಂದ ಹೆಸರುಗಳು. 'ರೈತ' ಮಾತ್ರ ಆಳುವವನು ಮೇಲಿನಿಂದ ನೋಡಿ ಇಟ್ಟ ಹೆಸರು. ಆದರೂ ನಮ್ಮ ಜನ ದುಡಿದು ದುಡಿದು ಆ ಹೆಸರಿಗೆ ಮರ್ಯಾದೆ ತಂದರು. ಇವತ್ತು ರೈತ ಎಂದರೆ ಯಾರಿಗೂ ಕುರಿ ನೆನಪಾಗುವುದಿಲ್ಲ, ಅನ್ನ ನೆನಪಾಗುತ್ತದೆ. ಮಾತಿಗೆ ಅರ್ಥ ಕೊಡುವವರು ಅದನ್ನು ಹುಟ್ಟಿಸಿದವರಷ್ಟೇ ಅಲ್ಲ, ಅದನ್ನು ಹೊತ್ತವರು ಕೂಡ.

ಮೂರನೆಯ ಪದರ ಇಂಗ್ಲಿಷ್. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ನಮ್ಮವರ ಬಾಯಲ್ಲಿ 'ಕುಂಪಣಿ ಸರ್ಕಾರ' ಆಯಿತು. 1831ರಿಂದ 50 ವರ್ಷ ಮೈಸೂರನ್ನು ಬ್ರಿಟಿಷ್ ಕಮಿಷನರುಗಳೇ ಆಳಿದರು. 1860ರ ದಶಕದಲ್ಲಿ ಬೌರಿಂಗ್ ಕಮಿಷನರ್ ಆಗಿದ್ದಾಗ ಸರ್ವೆ ಶುರುವಾಗಿ ಹೊಲಗಳು ನಂಬರುಗಳಾದವು. ಬೀಜದ ಅಳತೆ ಹೋಗಿ ಎಕರೆ ಬಂತು. ಈ ಎಕರೆಯ ಕಥೆ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಬರೀ 'ಹೊಲ' ಎಂದೇ ಅರ್ಥ. ವೇದದ ಸಂಸ್ಕೃತದಲ್ಲಿ ಬಯಲಿಗೆ 'ಅಜ್ರ' ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಮೂಲ ಒಂದೇ. ಒಂದು ಜೊತೆ ಎತ್ತು ಒಂದು ದಿನದಲ್ಲಿ ಉಳುವಷ್ಟು ಜಾಗ ಎಂದು ಅವರ ಹಳ್ಳಿಗಳ ಲೆಕ್ಕ. ನಾವು ಬೀಜದಿಂದ ಅಳೆದೆವು, ಅವರು ಎತ್ತಿನ ಬೆವರಿನಿಂದ ಅಳೆದರು. ಆಮೇಲೆ ಸರಪಳಿ ಬಂತು, ಎಕರೆಗೆ 43,560 ಚದರ ಅಡಿ, 40 ಗುಂಟೆ ಎಂದು ಗಟ್ಟಿಯಾಯಿತು.

ನಾಲ್ಕನೆಯ ಪದರ ನಮ್ಮ ಕಣ್ಣ ಮುಂದೆಯೇ ಬಿದ್ದದ್ದು. ಸೋಲಾರ್ ಪಾರ್ಕಿಗೆ 'ಶಕ್ತಿಸ್ಥಳ' ಎಂದು ಒಳ್ಳೆಯ ಹೆಸರನ್ನೇ ಇಟ್ಟರು. ಊರಿನಲ್ಲಿ ಯಾರ ಬಾಯಲ್ಲೂ ಅದು ನಿಲ್ಲಲಿಲ್ಲ. ಸೋಲಾರು, ಪಾರ್ಕು, ಪ್ಯಾನೆಲ್ಲು, ಮೆಗಾವಾಟು, ಕಂಪನಿ, ಸೆಕ್ಯೂರಿಟಿ. ಚಿಕ್ಕತ್ತೆಯ ಅಡಿಗೆಮನೆಯವರೆಗೂ ಈ ಮಾತುಗಳು ಬಂದಿವೆ.

ಸೋಲಾರಿನ 'ಸೋಲ್' ಲ್ಯಾಟಿನ್ನಿನ ಸೂರ್ಯ. ನಮ್ಮ ಸೂರ್ಯನಿಗೂ ಅದಕ್ಕೂ ಒಂದೇ ಬೇರು. ಮೆಗಾ ಎಂದರೆ ಗ್ರೀಕಿನಲ್ಲಿ ದೊಡ್ಡದು, ನಮ್ಮ 'ಮಹಾ' ಅದರ ನೆಂಟ. ವಾಟ್ ಎಂಬುದು ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಎಂಬವರ ಹೆಸರು. ಇದ್ದಿಲ ಕಾಲದ ಮನುಷ್ಯನ ಹೆಸರಲ್ಲಿ ನಾವು ಬಿಸಿಲನ್ನು ಅಳೆಯುತ್ತಿದ್ದೇವೆ. ಪ್ಯಾನೆಲ್ ಎಂದರೆ ಮೊದಲಿಗೆ ಬಟ್ಟೆಯ ತುಂಡು, ಕುದುರೆಯ ಜೀನಿನ ಕೆಳಗೆ ಹಾಸುವ ಬಟ್ಟೆ. ಆಮೇಲೆ ಹೆಸರು ಬರೆಯುವ ಚರ್ಮದ ಪಟ್ಟಿ, ಆಮೇಲೆ ಮರದ ಹಲಗೆ, ಈಗ ಗಾಜಿನ ಹಲಗೆ. ಒಣಗಹಾಕಿದ ಸೀರೆ ಎಂದ ಚಿಕ್ಕತ್ತೆ ನಿಘಂಟನ್ನು ಮುಟ್ಟದೆಯೇ ಮೂಲ ಅರ್ಥಕ್ಕೆ ಹೋಗಿಬಂದಿದ್ದರು!

ಪಾರ್ಕ್ ಎಂದರೆ ನಮಗೆ ಕಲ್ಲುಬೆಂಚು, ಹೂವಿನ ಮಡಿ, ಸಂಜೆ ಕಡ್ಲೆಕಾಯಿ ತಿನ್ನುವ ಜಾಗ. ಆದರೆ ಅದರ ಹಳೆಯ ಅರ್ಥ, ಅರಸರು ತಮ್ಮ ಬೇಟೆಗಾಗಿ ಜಿಂಕೆಗಳನ್ನು ಬಿಟ್ಟು ಸುತ್ತ ಬೇಲಿ ಹಾಕಿದ ಜಾಗ. ಹೊರಗಿನವರಿಗೆ ಪ್ರವೇಶ ಇಲ್ಲ. ರಾಯಚರ್ಲಿನ ಸುತ್ತ ಈಗ ಬೇಲಿ ಇದೆ. ಕುರಿ ಮೇಕೆ ಹಿಂದಿನ ದಾರಿಯಲ್ಲಿ ಹೋಗುವಂತಿಲ್ಲ. ಪುಳ್ಳೆ ಆಯಲು ಹೋಗುತ್ತಿದ್ದ ಹೆಂಗಸರು ಸುತ್ತಿಕೊಂಡು ಹೋಗಬೇಕು. ಪಾರ್ಕು ಎಂಬ ಮಾತು ಅಷ್ಟು ದೂರದಿಂದ ನಮ್ಮೂರಿಗೆ ಬಂದು ತನ್ನ ಹಳೆಯ ಅರ್ಥವನ್ನೇ ಹಾಸಿಕೊಂಡು ಮಲಗಿತು.

ಸೆಕ್ಯೂರಿಟಿ ಎಂದರೆ ಲ್ಯಾಟಿನ್ನಿನಲ್ಲಿ 'ಚಿಂತೆ ಇಲ್ಲದಿರುವುದು', ನಿಶ್ಚಿಂತೆ. ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ನೀಲಿ ಅಂಗಿ ಹಾಕಿಕೊಂಡು ಸೆಕ್ಯೂರಿಟಿ ಆಗಿ ನಿಂತಿದ್ದ. ಕಂಡು ನಮಸ್ಕಾರ ಹೇಳಿದ. "ಹೇಗಿದೀಯಪ್ಪ?" ಎಂದೆ. "ಏನೋ ಮೇಡಂ, ರಾತ್ರಿ ಹಾವಿನದೇ ಚಿಂತೆ" ಎಂದು ನಕ್ಕ. ಇನ್ನು ಕಂಪನಿ. 'ಕಂ' ಎಂದರೆ ಕೂಡಿ, 'ಪಾನಿಸ್' ಎಂದರೆ ರೊಟ್ಟಿ. ಕೂಡಿ ರೊಟ್ಟಿ ತಿನ್ನುವವರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದೇ ಮಡಕೆಯ ಮುದ್ದೆ ಉಂಡವರು. ಕುಂಪಣಿ ಸರ್ಕಾರ ನಮ್ಮ ಜೊತೆ ಕೂತು ಉಣ್ಣಲಿಲ್ಲ ಎಂಬುದು ಇತಿಹಾಸ. ಆದರೆ ಆ ಮಾತಿನೊಳಗೆ ಅಂಥ ಆಸೆಯೊಂದು ಇದೆ ಎನ್ನುವುದನ್ನು ಮರೆಯಬಾರದು.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ರಜೆಯಲ್ಲಿ ರಾಯಚರ್ಲಿಗೆ ಹೋದೆ. ಜಗುಲಿಯ ಮೇಲೆ ಚಿಕ್ಕತ್ತೆಯ ಜೊತೆ ಇನ್ನೊಬ್ಬರು ಕೂತಿದ್ದರು. ಚಿಕ್ಕತ್ತೆಯ ಹೊಲದಲ್ಲಿ ಮೂವತ್ತು ವರ್ಷ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿದ ಹೆಂಗಸು. ಸ್ವಂತಕ್ಕೆ ಒಂದು ಗುಂಟೆಯೂ ಇಲ್ಲ. ನಾನು ಲೀಸು, ಲೀಶಿನ ಕಥೆ ಹೇಳಿದೆ, ಎಕರೆ ಹೇಳಿದೆ, ಸೆಕ್ಯೂರಿಟಿ ಹೇಳಿದಾಗ ಇಬ್ಬರೂ ನಕ್ಕರು. ನಗು ನಿಂತ ಮೇಲೆ ಆಕೆ ಕೇಳಿದರು:

"ಟೀಚರಮ್ಮ, ನೆಲ ಇದ್ದವರಿಗೆ ಲೀಜು ಬಂತು. ಓದಿದ ಹುಡುಗರಿಗೆ ಸೆಕ್ಯೂರಿಟಿ ಬಂತು. ನಮಗೆ ಯಾವ ಇಂಗ್ಲಿಷ್ ಮಾತು ಬಂತು?"

ಎರಡನೆಯ ಸಲ ಅದೇ ಜಗುಲಿಯಲ್ಲಿ ನನ್ನ ಬಾಯಿ ಕಟ್ಟಿತು. ಗುತ್ತಿಗೆಯ ಹಣ ನೆಲದ ಒಡೆಯರದು. ನೆಲ ಇಲ್ಲದವರು ಬದುಕಿದ್ದದ್ದು ಆ ನೆಲದ ಮೇಲಿನ ಕೆಲಸದಿಂದ. ಹೊಲ ಹೋದರೆ ಕಳೆ ಇಲ್ಲ, ಕಾಯಿ ಬಿಡಿಸುವುದಿಲ್ಲ. ಹಲಗೆ ತೊಳೆಯಲು, ಹುಲ್ಲು ಕೊಯ್ಯಲು ಕೆಲವರು ಹೋಗುತ್ತಾರೆ. ಊರಿಗೆಲ್ಲ ಸಾಕಾಗುವಷ್ಟು ಕೆಲಸ ಅದಲ್ಲ. ಈಕೆ ಈಗ ಆಟೋ ಹತ್ತಿ ಬೇರೆ ಊರಿಗೆ ಕೂಲಿಗೆ ಹೋಗುತ್ತಿದ್ದರು.

ಕೂಲಿ! ಆಗ ಹೊಳೆಯಿತು. "ಅಕ್ಕಾ, ನಿಮಗೆ ಇಂಗ್ಲಿಷ್ ಮಾತು ಬರಲಿಲ್ಲ. ನಿಮ್ಮ ಮಾತೇ ಇಂಗ್ಲಿಷಿಗೆ ಹೋಗಿದೆ" ಎಂದೆ.

ಅದು ನಿಜ. ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಮಾತುಗಳನ್ನು ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 'ಹಾಬ್ಸನ್ ಜಾಬ್ಸನ್' ಎಂಬ ವಿಚಿತ್ರ ಹೆಸರಿನ ನಿಘಂಟಿನಲ್ಲಿ 1886ರಲ್ಲಿ ಸೇರಿಸಿದರು. ಗೋಣಿ ಅಲ್ಲಿ 'ಗನ್ನಿ' ಆಗಿದೆ. ನಮ್ಮ ಅಡಿಕೆಯ ಮಲಯಾಳದ ರೂಪ ಪೋರ್ಚುಗೀಸರ ಬಾಯಿ ಹೊಕ್ಕು 'ಅರೆಕಾ' ಆಗಿದೆ. ಕೂಲಿ 'ಕೂಲಿ'ಯಾಗಿಯೇ ಇದೆ. ಗುಜರಾತಿನ ಕೋಳಿ ಜನರ ಹೆಸರಿನಿಂದ ಅದು ಬಂತು ಎನ್ನುವ ವಿದ್ವಾಂಸರೂ ಇದ್ದಾರೆ. ತಮಿಳು, ಕನ್ನಡ, ತೆಲುಗಿನ ಕೂಲಿಯೇ ಮೂಲ, ಇಲ್ಲವೇ ಎರಡೂ ಬೆರೆತಿವೆ ಎನ್ನುವವರೂ ಇದ್ದಾರೆ. ಆದರೆ ಹೋಗುವ ದಾರಿಯಲ್ಲಿ ಅದಕ್ಕೆ ಒಂದು ಅನ್ಯಾಯವಾಯಿತು. ನಮ್ಮಲ್ಲಿ ಕೂಲಿ ಎಂದರೆ ದುಡಿದದ್ದಕ್ಕೆ ಸಿಗುವ ಹಣ. ಕೊಡಲೇಬೇಕಾದ ಬಾಕಿ. ದುಡಿಯುವವನು ಕೂಲಿಕಾರ, ಕೂಲಿಯಾಳು. ಇಂಗ್ಲಿಷಿನಲ್ಲಿ ಹಣದ ಅರ್ಥ ಬಿದ್ದುಹೋಗಿ ಮನುಷ್ಯನೇ ಕೂಲಿಯಾದ. ಗುಲಾಮಗಿರಿಯನ್ನು ರದ್ದು ಮಾಡಿದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಗಿ 1834ರಿಂದ ಮಾರಿಷಸ್ಸಿಗೆ, 1860ರಿಂದ ದಕ್ಷಿಣ ಆಫ್ರಿಕಾಕ್ಕೆ ನಮ್ಮ ದೇಶದ ಗಂಡಸರು ಹೆಂಗಸರು ಹಡಗು ಹತ್ತಿದರು. ಕರಾರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರಲ್ಲಿ ಎಷ್ಟೋ ಜನಕ್ಕೆ ಅದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಅಲ್ಲಿ ಕೂಲಿ ಎನ್ನುವುದು ಬೈಗುಳವಾಯಿತು. ಗಾಂಧೀಜಿಯವರನ್ನೇ ಅಲ್ಲಿ 'ಕೂಲಿ ಬ್ಯಾರಿಸ್ಟರ್' ಎನ್ನುತ್ತಿದ್ದರು.

ಇದನ್ನೆಲ್ಲ ಆಕೆಗೆ ಹೇಳಿದೆ. ಗಮನವಿಟ್ಟು ಕೇಳಿದರು. "ನಮ್ಮ ಮಾತು ಅಷ್ಟು ದೂರ ಹೋಗಿದೆ ಅನ್ನು. ದುಡ್ಡು ಅನ್ನೋ ಅರ್ಥ ಮಾತ್ರ ದಾರೀಲಿ ಕಳೆದುಕೊಂಡಿದೆ" ಎಂದರು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಈಗ ನನಗೆ ಉತ್ತರ ಇಲ್ಲದ್ದು ಮೂರನೆಯ ಸಲ. ಕಂಪನಿ ಎಂಬ ಮಾತಿಗೆ ಕೂಡಿ ಉಣ್ಣುವುದು ಎಂಬ ಅರ್ಥ ಇದ್ದರೆ, ಲೀಸಿನ ಹಣ ಬಂದ ಊರಿನಲ್ಲಿ ಈಕೆಯ ತಟ್ಟೆ ಎಲ್ಲಿದೆ ಎಂದು ಕೇಳುವವರು ಬೇಕು. ನಿಘಂಟು ಅದನ್ನು ಹೇಳುವುದಿಲ್ಲ. ಊರೇ ಕೂತು ಹೇಳಬೇಕು.

ಅಷ್ಟರಲ್ಲಿ ಚಿಕ್ಕತ್ತೆ ಒಳಗೆ ಹೋಗಿ ಟ್ರಂಕು ತೆಗೆದ ಸದ್ದು. ಲೀಸಿನ ಕಾಗದ ತಂದು ನನ್ನ ಮಡಿಲಲ್ಲಿಟ್ಟರು. "ಹಗ್ಗ ಸಡಿಲ ಬಿಟ್ಟಿದ್ದೀನಿ ಅಂತಾದ್ರೆ ಈ ತುದಿ ನನ್ನ ಕೈಲಿ ಇರಬೇಕು. ಓದು. ಒಂದು ಸಾಲೂ ಬಿಡಬೇಡ."

ಓದಿದೆ. ತಿಳಿಯದ ಕಡೆ ನಿಲ್ಲಿಸಿ, ತಿಳಿಯಲಿಲ್ಲ ಎಂದೇ ಹೇಳಿ ಗುರುತು ಹಾಕಿದೆ, ತಿಳಿದವರನ್ನು ಕೇಳೋಣ ಎಂದೆ. ಸಂಜೆಯಾಯಿತು. ಆ ಹೆಂಗಸೂ ಎದ್ದು ಹೋಗದೆ ಕೊನೆಯವರೆಗೆ ಕೂತು ಕೇಳಿದರು. ತಮಗೆ ಸಂಬಂಧವಿಲ್ಲದ ಕಾಗದವನ್ನು ಯಾಕೆ ಕೇಳುತ್ತಿದ್ದಾರೆ ಎಂದು ಮೊದಲು ಅನ್ನಿಸಿತು. ಮೂವತ್ತು ವರ್ಷ ಬೆವರು ಸುರಿಸಿದ ನೆಲಕ್ಕೆ ಸಂಬಂಧವಿಲ್ಲ ಎಂದುಕೊಂಡ ನನಗೇ ನಾಚಿಕೆಯಾಯಿತು.

ಈಗ ನಮ್ಮ ತರಗತಿಯಲ್ಲಿ ಶನಿವಾರದ ಕೊನೆಯ ಅವಧಿಗೆ ಮಕ್ಕಳು ಮನೆಯ ಯಾವುದಾದರೂ ಕಾಗದದಿಂದ ಒಂದು ಮಾತು ಬರೆದುಕೊಂಡು ಬರುತ್ತಾರೆ. ಗ್ಯಾಸಿನ ಚೀಟಿ, ಸಂಘದ ಸಾಲದ ಪಾಸ್‌ಬುಕ್, ಪಹಣಿ, ಏನಾದರೂ ಸರಿ. ಅದರ ಅರ್ಥ ಹುಡುಕುತ್ತೇವೆ. ಗೊತ್ತಾಗದಿದ್ದರೆ ಗೊತ್ತಿಲ್ಲ ಎಂದು ಬರೆಯುತ್ತೇವೆ. ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕು ಎನ್ನುವುದು ಕರಾರು.

ಅವತ್ತು ಹೊರಡುವಾಗ ಚಿಕ್ಕತ್ತೆ ಬಸ್ಸಿನವರೆಗೂ ಬಂದರು. ಬೇಲಿಯ ಪಕ್ಕದಲ್ಲೇ ನಡೆದೆವು. ಒಳಗೆ ಬದುಗಳೆಲ್ಲ ಸಮವಾಗಿ, ಯಾರ ಹೊಲ ಎಲ್ಲಿ ಮುಗಿಯುತ್ತದೆ ಎಂದು ನನಗೆ ಗೊತ್ತಾಗಲಿಲ್ಲ. ಅವರು ದೂರದ ಒಂದು ಹುಣಸೆಮರದ ಕಡೆ ಕೈ ತೋರಿಸಿ, "ಅದರ ನೇರಕ್ಕೆ ನಮ್ಮದು" ಎಂದರು. ಆಮೇಲೆ ಹೇಳಿದರು:

"ಇಪ್ಪತ್ತೆಂಟು ವರ್ಷ ಮುಗಿಯೋ ಹೊತ್ತಿಗೆ ನಾನಿರಲ್ಲ. ಮೊಮ್ಮಗಳು ಇರ್ತಾಳೆ. ಆ ಮಾತಿನ ಅರ್ಥ ನೀನು ಅವಳಿಗೆ ಹೇಳಿಕೊಡು. ಹೊಲ ಎಲ್ಲಿದೆ ಅಂತ ನಾನು ತೋರಿಸ್ತೀನಿ."